ಕಾರಣವಿಲ್ಲದ ವಾಕ್ಯ

ಬ್ರೆಡ್ಡಿನ ಮೂರನೆಯ ಹೋಳನ್ನು ಅವಳು ಅರ್ಧ ಕೊಯ್ದಿದ್ದಳು. ಮಗನ ಕೈ ಮೇಲೆದ್ದದ್ದು ಕಣ್ಣಂಚಿಗೆ ಕಾಣಿಸಿತು. ತಲೆ ಎತ್ತುವಷ್ಟರಲ್ಲಿ ಆ ಕೈ ಸೊಸೆಯ ಎಡಗಿವಿಯ ಮೇಲೆ ಬಿದ್ದಾಗಿತ್ತು. ಒದ್ದೆ ಬಟ್ಟೆಯನ್ನು ಜೋರಾಗಿ ಕೊಡವಿದಂಥ ಸದ್ದು. ಹುಡುಗಿಯ ತಲೆ ಪಕ್ಕದ ಕಪಾಟಿನ ಅಂಚಿಗೆ ಬಡಿಯಿತು. ಕಪಾಟಿನೊಳಗಿನ ಗಾಜಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು, ಆಮೇಲೆ ಅವೂ ಸುಮ್ಮನಾದವು. ಒಲೆಯ ಮೇಲೆ ಹಾಲು ಉಕ್ಕುವ ಮೊದಲಿನ ಸಣ್ಣ ಸರಸರ ಮಾತ್ರ ಉಳಿಯಿತು. ಸೊಸೆ ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡು ಇನ್ನೊಂದು ಕೈ ಚಾಚಿ ಒಲೆ ಸಣ್ಣ ಮಾಡಿದಳು. ಅಂಥ ಹೊತ್ತಿನಲ್ಲೂ ಅದನ್ನು ಮರೆಯಲಿಲ್ಲ. ಮಗ ಮೇಜಿನ ಹತ್ತಿರ ಬಂದು, ತಾಯಿ ಕೊಯ್ದಿಟ್ಟಿದ್ದ ಮೊದಲ ಹೋಳನ್ನೆತ್ತಿ ಕಚ್ಚಿದ. ಜಾಮ್ ಮುಗಿದಿದೆಯಾ ಎಂದು ಕೇಳಿದ. ಫ್ರಿಜ್ಜಿನಲ್ಲಿ ಹೊಸ ಬಾಟಲಿ ಇದೆ ಎಂದಳು ತಾಯಿ. ತನ್ನ ದನಿ ಎಂದಿನ ದನಿಯಂತೆಯೇ ಹೊರಬಂದದ್ದು ಅವಳಿಗೇ ಕೇಳಿಸಿತು. ಆಮೇಲೆ ಉಳಿದರ್ಧ ಕೊಯ್ದಳು. ಅದರ ಮುಂದಿನದನ್ನು ಕೊಯ್ದಳು. ಚಾಕುವಿನ ಹಲ್ಲುಗಳು ಮೆತ್ತಗಿನ ಒಳಗನ್ನು ಹರಿಯುತ್ತ ಹಲಗೆಗೆ ತಾಗಿದಾಗಲೆಲ್ಲ ಒಂದು ಸಣ್ಣ ಕಟ್ ಎನ್ನುವ ಸದ್ದು ಬರುತ್ತಿತ್ತು. ಆ ಸದ್ದು ಬರುತ್ತಿರುವವರೆಗೂ ಬೇರೇನೂ ಆಗುವುದಿಲ್ಲ ಎಂಬಂತೆ, ಯಾರಿಗೂ ಬೇಡದಷ್ಟು, ಇಡೀ ಬ್ರೆಡ್ಡನ್ನು ತುದಿಯ ಗಟ್ಟಿ ಚೂರಿನವರೆಗೂ ಕೊಯ್ದು ಮುಗಿಸಿದಳು. ಮನಸ್ಸಿಗೆ ಮೊದಲು ಬಂದದ್ದು ಅಯ್ಯೋ ಅಲ್ಲ, ಬೇಡ ಕಣೋ ಅಲ್ಲ. ಯಾಕೆ, ಎಂದು ಬಂದಿತ್ತು. ಈ ಹುಡುಗಿ ಏನು ಮಾಡಿದಳು? ಬೆಳಗಿನಿಂದ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಹಿಂದಕ್ಕೆ ಓಡಿಸಿ ನೋಡಿದಳು. ನೀಲಿ ಅಂಗಿ ಎಲ್ಲಿ ಎಂದು ಮಗ ಕೇಳಿದ್ದ. ಅಲ್ಲೇ ಇದೆ ನೋಡಿ ಎಂದು ಸೊಸೆ ಹೇಳಿದ್ದಳು. ಅಷ್ಟೇ. ಅದರಲ್ಲಿ ದನಿ ಏನಾದರೂ ಏರಿತ್ತೇ, ಮುಖ ಏನಾದರೂ ಗಂಟಾಗಿತ್ತೇ ಎಂದು ಮತ್ತೆ ಮತ್ತೆ ಕೆದಕಿದಳು. ಏನೂ ಸಿಗದೆ ಹೋದಾಗ, ತನ್ನ ಕಣ್ಣು ತಪ್ಪಿಸಿ ಏನೋ ನಡೆದಿರಬೇಕು ಅಂದುಕೊಂಡಳು.

ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಸೊಸೆ ಹತ್ತಿರ ಬಂದಳು. ಕೂದಲನ್ನು ಎಡಗಡೆಗೆ ಎಳೆದು ಕಿವಿ ಮುಚ್ಚಿಕೊಂಡಿದ್ದಳು. ಕಪಾಟಿನ ಅಂಚು ತಾಗಿದ ಕಡೆ, ಹಣೆಯ ಬಲ ಮೂಲೆಯಲ್ಲಿ, ಚರ್ಮ ಒಡೆಯದೆ ಒಳಗೊಳಗೇ ಕೆಂಪು ಕಟ್ಟುತ್ತಿತ್ತು. "ಅತ್ತೆ, ಸಂಜೆ ಅಪ್ಪ ಬರ್ತಿದ್ದಾರೆ. ಈಗಷ್ಟೇ ಫೋನ್ ಮಾಡಿ ಕರೆದೆ," ಎಂದಳು. ದನಿಯಲ್ಲಿ ಅಳು ಇರಲಿಲ್ಲ, ಅದರಿಂದಲೇ ಅತ್ತೆಗೆ ಹೆಚ್ಚು ಭಯವಾಯಿತು. "ನಾನು ಹೇಳಿದ್ರೆ ನಂಬಲ್ಲ ಅವರು. ಹೋದ ಸಲನೂ ನಂಬ್ಲಿಲ್ಲ. ನಿಮ್ಮನ್ನ ಕೇಳ್ತಾರೆ. ನೀವು ಹೇಳಿದ ಹಾಗೆ ಆಗುತ್ತೆ. ಕರ್ಕೊಂಡು ಹೋಗೋದು, ಬಿಡೋದು." ಅವಳು ಚಪ್ಪಲಿಯ ಪಟ್ಟಿ ಎಳೆಯುತ್ತ, ಬರಲಿ ಬಿಡಮ್ಮ, ಬಂದು ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತೆ ಎಂದಳು. ಹೋದ ಸಲ ಬೀಗರು ಇದೇ ಹಜಾರದಲ್ಲಿ ಕೂತು ಕೇಳಿದ್ದರು. ಬಚ್ಚಲ ಬಾಗಿಲಿನ ಚಿಲಕ ತಗುಲಿತು ಎಂದು ಅತ್ತೆಯಾದ ಅವಳೇ ಹೇಳಿದ್ದಳು. ಆ ಮನುಷ್ಯನ ಭುಜಗಳು ಆಗ ಹೇಗೆ ಇಳಿದವು, ಎಷ್ಟು ಹಗುರಾಗಿ ನಕ್ಕು, ನೋಡಮ್ಮ, ಪದಕೋಶ ಬರೆಯೋ ಕೈ ಇವರದ್ದು, ಇವರ ಬಾಯಲ್ಲಿ ಸುಳ್ಳು ಬರುತ್ತಾ, ನೀನು ಸ್ವಲ್ಪ ನೋಡಿಕೊಂಡು ಓಡಾಡು ಎಂದು ಮಗಳಿಗೆ ಬುದ್ಧಿ ಹೇಳಿ ಎದ್ದು ಹೋದರು. ಸೊಸೆ ಅಂದು ಅತ್ತೆಯ ತಟ್ಟೆಯನ್ನೂ ಸೇರಿಸಿ ಪಾತ್ರೆ ತೊಳೆದಿಟ್ಟು ಮಲಗಿದ್ದಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂದ ಮಗ, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಮಾವ ಬರ್ತಾರಂತೆ ಅಮ್ಮ, ನೀನು ನೋಡ್ಕೋ ಎಂದು ಹೇಳಿ ಅವಳನ್ನು ದಾಟಿ ಇಳಿದುಹೋದ. ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದ.

ಕಚೇರಿಯ ಪಕ್ಕದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದರು. ಹಳದಿ ಯಂತ್ರವೊಂದು ಉದ್ದನೆಯ ಕತ್ತನ್ನು ಹಿಂದಕ್ಕೆಳೆದು, ಒಂದು ಕ್ಷಣ ತಡೆದು, ಗೋಡೆಗೆ ಗುದ್ದುತ್ತಿತ್ತು. ಗುದ್ದಿದಾಗಲೆಲ್ಲ ಇವರ ಎರಡನೆಯ ಮಹಡಿಯ ಕಿಟಕಿ ಗಾಜುಗಳು ಅದುರುತ್ತಿದ್ದವು, ಚಹಾದ ಲೋಟದಲ್ಲಿ ಉಂಗುರಗಳೇಳುತ್ತಿದ್ದವು. ಒಡೆದ ಗೋಡೆಯಲ್ಲಿ ಯಾರದ್ದೋ ಮಲಗುವ ಕೋಣೆಯ ಗುಲಾಬಿ ಬಣ್ಣ, ಮೊಳೆಯಲ್ಲಿ ಇನ್ನೂ ತೂಗುತ್ತಿದ್ದ ಒಂದು ಕನ್ನಡಿ, ಬಟ್ಟೆ ತಗುಲಿಸುವ ಗೂಟಗಳು ಎಲ್ಲ ಬೀದಿಗೆ ಕಾಣುತ್ತಿದ್ದವು. ಹೀಗೆ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟದ್ದು ಅವಳಿಗೆ ಅಸಹ್ಯವೆನಿಸಿ ಕಿಟಕಿಯ ಪರದೆ ಎಳೆದಳು. ಮೇಜಿನ ಮೇಲೆ ಇವತ್ತಿನ ಪದ ಕಾದಿತ್ತು. ಇಂಗ್ಲಿಷಿನಿಂದ ತಮ್ಮ ಭಾಷೆಗೆ ಅರ್ಥ ಕೊಡುವ ಆ ದೊಡ್ಡ ಪದಕೋಶದ ಹೊಸ ಆವೃತ್ತಿ ಈಗ ‘ಎಚ್’ ಅಕ್ಷರದ ನಡುವಿಗೆ ಬಂದಿತ್ತು. ಇವತ್ತಿನದು ‘ಹಿಟ್’. ಇಂಗ್ಲಿಷ್ ಓದಲು ಬಾರದವರೂ ದಿನಕ್ಕೊಮ್ಮೆ ಬಾಯಲ್ಲಿ ತರುವ ಪದ. ಸಿನಿಮಾ ಹಿಟ್ ಆಯಿತು ಎನ್ನದ ತರಕಾರಿ ಅಂಗಡಿಯವನಿಲ್ಲ. ಅರ್ಥಗಳನ್ನು ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ಉದಾಹರಣೆ ವಾಕ್ಯ ಕಟ್ಟುವುದು ಅವಳ ಕೆಲಸ. ಪದ ಎಲ್ಲಿಂದ ಬಂತು ಎಂದು ಹುಡುಕುವುದು ಎದುರು ಮೇಜಿನ ಗಿಡ್ಡ ಹೆಂಗಸಿನದು. ಬೇರು ಕೆದಕುವವಳಾದ್ದರಿಂದ ಅವಳಿಗೆ ಬೇರಮ್ಮ ಎಂದೇ ಹೆಸರಾಗಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲು ಇಬ್ಬರೂ ತಮ್ಮ ತಮ್ಮ ಚೀಟಿಗಳನ್ನು ಹಿಡಿದು ಪ್ರಧಾನ ಸಂಪಾದಕರ ದುಂಡು ಮೇಜಿಗೆ ಹೋಗಿ ಗಟ್ಟಿಯಾಗಿ ಓದಬೇಕು. ಅವರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಓದಿದ್ದು ಸರಿಯಾಗಿದ್ದರೆ ಅವರು ‘ಕೂತಿತು’ ಎನ್ನುವರು. ಅವರು ‘ಕೂರಲಿಲ್ಲ’ ಎಂದ ವಾಕ್ಯ ಅಚ್ಚಿಗೆ ಹೋಗುವಂತಿಲ್ಲ. ಹಳೆಯ ಅರ್ಥ ಮೊದಲು, ಹೊಸ ಅರ್ಥ ಕೊನೆಗೆ, ಇದು ಅವರ ಇನ್ನೊಂದು ನಿಯಮ. ಎಷ್ಟೋ ವರ್ಷಗಳಿಂದ ಅವಳು ಮನೆಯ ವಿಷಯಗಳನ್ನೂ ಹೀಗೇ ಜೋಡಿಸಿಕೊಂಡು ಬಂದಿದ್ದಳು, ಹಳೆಯದು ಮೇಲೆ, ಹೊಸದು ಎಲ್ಲೋ ಕೆಳಗೆ, ಕಣ್ಣಿಗೆ ಬೀಳದಲ್ಲಿ.

ತಮ್ಮ ಭಾಷೆಯಲ್ಲಿ ‘ಹೊಡೆ’ ಎಂಬ ಪದ ಎಷ್ಟು ಸಾಧುವಾಗಿಬಿಟ್ಟಿದೆ ಎಂದು ಯೋಚಿಸುತ್ತ ಕೂತಳು. ಗಂಟೆ ಹೊಡೆಯುತ್ತದೆ. ಗೋಡೆಗೆ ಬಣ್ಣ ಹೊಡೆಯುತ್ತಾರೆ. ಗೊರಕೆ ಹೊಡೆಯುತ್ತಾರೆ, ಹರಟೆ ಹೊಡೆಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಮನೆಮನೆಯಲ್ಲೂ ಏನನ್ನೋ ಹೊಡೆಯುತ್ತಲೇ ಇರುತ್ತಾರೆ, ಯಾರಿಗೂ ನೋವಾಗುವುದಿಲ್ಲ. ಎಷ್ಟು ಬಳಸಿ ಸವೆಸಿಬಿಟ್ಟಿದ್ದೇವೆಂದರೆ, ನಿಜವಾಗಿ ಒಂದು ಕೈ ಒಂದು ಕಿವಿಯ ಮೇಲೆ ಬಿದ್ದಾಗ ಹೇಳಲು ಪದವೇ ಉಳಿದಿಲ್ಲ. ಈಗ ಇಲ್ಲದ ಅವಳ ಗಂಡ ಹೊಡೆಯುತ್ತಿದ್ದ ಎಂದರೂ ಅದು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಅವನು ಕುಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದ. ಗಡಿಯಾರ ಮರಕ್ಕೆ ತಾಗಿದ ಸದ್ದು ಕೇಳಿದರೆ ಸಾಕು, ಅವಳು ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದಳು. ಮುಷ್ಟಿಯನ್ನು ಬೆನ್ನಿಗೆ, ತೋಳಿನ ಮೇಲ್ಭಾಗಕ್ಕೆ, ಬಟ್ಟೆ ಮುಚ್ಚುವ ಕಡೆಗೇ ಹಾಕುತ್ತಿದ್ದ. ಒಮ್ಮೆ ಪಕ್ಕೆಲುಬೊಂದು ಒಳಗೆ ಕಡ್ಡಿ ಮುರಿದಂತೆ ಮುರಿದದ್ದು ಅವನಿಗೂ ಕೇಳಿಸಿರಬೇಕು, ಆ ಸಲ ಬೇಗ ನಿಲ್ಲಿಸಿದ. ಆಮೇಲೆ ಕುರ್ಚಿ ಎಳೆದು ಕೂತು, ನೆಲದ ಮೇಲಿದ್ದ ಅವಳಿಗೆ ಯಾಕೆ ಹೊಡೆದೆ ಎಂಬುದನ್ನು ತಾಳ್ಮೆಯಿಂದ ವಿವರಿಸುತ್ತಿದ್ದ. ಕಾರಣವಿಲ್ಲದೆ ನಾನು ಯಾರ ಮೇಲೂ ಕೈ ಎತ್ತಿದವನಲ್ಲ, ಇದು ಅವನ ಹೆಮ್ಮೆಯ ಮಾತು. ಅಡುಗೆಮನೆಯಲ್ಲಿ ಅವಳ ಅತ್ತೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಿರುತ್ತಿದ್ದರು. ನೀರು ತೊಟ್ಟಿಯ ತಗಡಿಗೆ ಬೀಳುವ ಆ ಅಬ್ಬರದಲ್ಲಿ ಮಿಕ್ಕದ್ದೆಲ್ಲ ಮುಚ್ಚಿಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ನಲ್ಲಿ ನಿಲ್ಲುತ್ತಿತ್ತು. ಯಾವಾಗ ನಿಲ್ಲಿಸಬೇಕೆಂದು ಅವರಿಗೆ ಹೇಗೆ ತಿಳಿಯುತ್ತಿತ್ತು ಎಂಬುದು ಅವಳಿಗೆ ಈಗಲೂ ಹೊಳೆದಿಲ್ಲ. ಇವತ್ತು ಬೆಳಿಗ್ಗೆ ನಲ್ಲಿಯ ಬದಲು ಬ್ರೆಡ್ಡು. ಅಷ್ಟೇ ವ್ಯತ್ಯಾಸ.

ದುಂಡು ಮೇಜಿನಲ್ಲಿ ಮೊದಲು ಬೇರಮ್ಮ ಓದಿದಳು. ಈ ಪದ ಇಂಗ್ಲಿಷಿನವರ ಸ್ವಂತದ್ದಲ್ಲ, ಉತ್ತರದ ಕಡಲಿನಿಂದ ಹಡಗು ಹತ್ತಿ ಬಂದು ಊರು ಸುಟ್ಟು, ಆಮೇಲೆ ಅದೇ ಊರುಗಳಲ್ಲಿ ಹೆಣ್ಣು ತಂದುಕೊಂಡು ನೆಲೆನಿಂತವರ ಭಾಷೆಯಿಂದ ಬಂದದ್ದು. ಅವರಲ್ಲಿ ಅದಕ್ಕೆ ಹೊಡೆಯುವುದು ಎಂಬ ಅರ್ಥವೇ ಇರಲಿಲ್ಲ; ಎದುರಾಗು, ಸಿಗು, ಕಂಡುಕೋ ಎಂದು ಅರ್ಥ. ಅವರ ನಾಡಿನಲ್ಲಿ ಈಗಲೂ, ಕಳೆದ ಕೀಲಿ ಸಿಕ್ಕಿತು ಎನ್ನಲು ಆ ಪದವನ್ನೇ ಹೇಳುತ್ತಾರೆ. ದೊಡ್ಡವರು ಮೆಚ್ಚಿ ತಲೆದೂಗಿದರು. ಹಾಗಾದರೆ ಅದಕ್ಕೆ ಮೊದಲು ಇಂಗ್ಲಿಷಿನವರು ಹೊಡೆಯುವುದಕ್ಕೆ ಏನನ್ನುತ್ತಿದ್ದರು ಎಂದು ಕೇಳಿದರು. ಬೇರಮ್ಮ ಕನ್ನಡಕ ಮೇಲೇರಿಸಿ, ಪದ ಇತ್ತು ಸಾರ್, ಚೆನ್ನಾಗೇ ಇತ್ತು, ಆದರೆ ಅದು ಹೊಡೆಯುತ್ತ ಹೊಡೆಯುತ್ತ ಕೊಲ್ಲುವುದು ಅಂತಾಗಿಬಿಟ್ಟಿತು ಎಂದಳು. "ಇವತ್ತಿನ ‘ಸ್ಲೇ’ ಅದೇ. ಮೊದಲು ಬರೀ ಏಟು. ಆಮೇಲೆ ಕೊಲೆ. ನಡುವೆ ಯಾವತ್ತು ದಾಟ್ತು ಅಂತ ಯಾರಿಗೂ ಗೊತ್ತಾಗಲ್ಲ, ಪುಸ್ತಕದಿಂದ ಪುಸ್ತಕಕ್ಕೆ ಹೋಗ್ತಾ ಹೋಗ್ತಾ ಜಾಸ್ತಿ ಜನ ಸಾಯ್ತಾ ಹೋಗ್ತಾರೆ, ಅಷ್ಟೇ." ದೊಡ್ಡವರು ನಕ್ಕರು. ಪಕ್ಕದಲ್ಲಿ ಯಂತ್ರ ಗುದ್ದಿತು, ಮೇಜಿನ ಮೇಲಿನ ಪೆನ್ನು ಉರುಳಿ ಅವಳ ತೊಡೆಯ ಮೇಲೆ ಬಿತ್ತು. ಯಾವತ್ತು ದಾಟಿತು ಎಂದು ಯಾರಿಗೂ ಗೊತ್ತಾಗಲ್ಲ. ಕಪಾಟಿನ ಅಂಚು ಇನ್ನು ಎರಡು ಬೆರಳು ಕೆಳಗಿದ್ದಿದ್ದರೆ ಹಣೆಯಲ್ಲ, ಕಣತಲೆ. ಅಲ್ಲಿ ಮೂಳೆ ಎಷ್ಟು ತೆಳುವಾಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಮಗ ಹಸುಗೂಸಾಗಿದ್ದಾಗ ಎಣ್ಣೆ ಹಚ್ಚುತ್ತ ಅದರ ಮೇಲೆ ಬೆರಳಾಡಿಸಿದ್ದಳು, ಒಳಗೆ ನಾಡಿ ಹಕ್ಕಿಮರಿಯ ಹಾಗೆ ಹಾರುತ್ತಿತ್ತು.

ಅವಳ ಸರದಿ ಬಂತು. ಚೆಂಡಿಗೆ ಹೊಡೆದ, ಕೂತಿತು. ಗುಂಡು ಗುರಿಗೆ ತಾಗಿತು, ಕೂತಿತು. ಈ ಓಣಿ ಮುಂದೆ ಹೆದ್ದಾರಿಗೆ ಸೇರುತ್ತದೆ, ಕೂತಿತು. ಆಮೇಲಿನ ಚೀಟಿಯಲ್ಲಿ ಏನು ಬರೆದಿದ್ದೇನೆಂದು ಓದುವವರೆಗೂ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಅವನು ಹೆಂಡತಿಯ ಕಿವಿಗೆ ಹೊಡೆದ. ದೊಡ್ಡವರು ಒಳ್ಳೆಯ ಮನುಷ್ಯ, ಯಾರಿಗೂ ಗದರಿದವರಲ್ಲ, ಫ್ಲಾಸ್ಕಿನಲ್ಲಿ ತಂದ ಚಹಾವನ್ನು ಎಲ್ಲರಿಗೂ ಹಂಚಿ ಕುಡಿಯುವವರು. "ಕೂರಲಿಲ್ಲ ಅಮ್ಮ," ಎಂದರು ಮೆಲ್ಲಗೆ. "ಯಾಕೆ ಹೊಡೆದ?"

ಬೇರಮ್ಮ ಚೀಟಿಯಿಂದ ತಲೆ ಎತ್ತಿ, "ಚೆಂಡಿಗೆ ಹೊಡೆದಾಗ ಯಾಕೆ ಅಂತ ಕೇಳ್ಲಿಲ್ಲ ಸಾರ್ ನೀವು," ಎಂದಳು.

"ಚೆಂಡಿಗೂ ಹೆಂಡತಿಗೂ ವ್ಯತ್ಯಾಸ ಇಲ್ವೇನಮ್ಮ?"

"ಇದೆ ಸಾರ್. ಚೆಂಡು ಏಟು ತಿಂದು ಬಂದು ಅಡುಗೆ ಮಾಡಲ್ಲ."

ದೊಡ್ಡವರು ಮನಸಾರೆ ನಕ್ಕರು, ಬೇರಮ್ಮನೂ ನಕ್ಕಳು, ಅವಳೂ ನಗಬೇಕಾಯಿತು. ನಕ್ಕಾಗ ಹಳೆಯ ಪಕ್ಕೆಲುಬಿನ ಜಾಗ ಚುಳುಕ್ ಎಂದಿತು. ತಮಾಷೆ ಸರಿ, ಆದರೆ ಓದುವವರು ಮಕ್ಕಳು ಎಂದು ದೊಡ್ಡವರು ಮುಂದುವರಿಸಿದರು. ಹೊಡೆತ ಎನ್ನುವುದು ಗಾಳಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೊಂದು ಆಸರೆ ಬೇಕು, ಇಲ್ಲದಿದ್ದರೆ ವಾಕ್ಯ ಕುಂಟುತ್ತದೆ, ಓದುವವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ‘ಸಿಟ್ಟಿನಲ್ಲಿ’ ಎಂದಾದರೂ ಸೇರಿಸಿ ಎಂದರು. ಅವಳು ಪೆನ್ನು ತೆಗೆದುಕೊಂಡು, ಅವನು ಸಿಟ್ಟಿನಲ್ಲಿ, ಎಂದು ಸೇರಿಸಿದಳು. ಕೂತಿತು ಎಂದರು. ತನ್ನ ಜಾಗಕ್ಕೆ ಮರಳಿದ ಮೇಲೆ ಆ ಚೀಟಿಯನ್ನೇ ನೋಡುತ್ತ ಕೂತಳು. ಸಿಟ್ಟಿರಲಿಲ್ಲ. ಅದೇ ಅಲ್ಲವೇ ಬೆಳಗಿನಿಂದ ಅವಳನ್ನು ಬಿಡದೆ ಕಾಡುತ್ತಿದ್ದದ್ದು. ಮಗನ ಮುಖದಲ್ಲಿ ಸಿಟ್ಟಿನ ಒಂದು ಗೆರೆಯೂ ಇರಲಿಲ್ಲ. ದಾರಿಗೆ ಅಡ್ಡ ಬಂದ ನೊಣವನ್ನು ಅಟ್ಟುವವನಂತೆ, ಕೆಟ್ಟುಹೋದ ರೇಡಿಯೋವನ್ನು ತಟ್ಟುವವನಂತೆ, ಮುಂದಿನ ಕೆಲಸವನ್ನೇ ಯೋಚಿಸುತ್ತಿದ್ದ ಮುಖ ಅದು. ಆಮೇಲೆ ಜಾಮ್ ಕೇಳಿದ.

ಹಿಂದಿನ ಆವೃತ್ತಿ ಅವಳ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ತೆಗೆದು ನೋಡಬೇಕಾಗಿರಲಿಲ್ಲ, ‘ಬೀಟ್’ ಎಂಬ ಪದದ ಕೆಳಗೆ ಏನಿದೆಯೆಂದು ಗೊತ್ತಿತ್ತು. ಅಡುಗೆ ತಡವಾದ್ದರಿಂದ ಅವನು ಹೆಂಡತಿಯನ್ನು ಹೊಡೆದನು. ಅದನ್ನು ಬರೆದ ದಿನ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಸ್ವೆಟರ್ ತೊಟ್ಟು ಬಂದಿದ್ದಳು. ಅಕ್ಷರ ಸೊಟ್ಟಗಾಗಿದ್ದರಿಂದ ದೊಡ್ಡವರು ಎರಡು ಸಲ ಓದಿಸಿದ್ದರು, ಆಮೇಲೆ ಒಂದೇ ಮಾತಿಗೆ ಕೂತಿತು ಅಂದಿದ್ದರು. ಅಂದು ಅವಳಿಗೆ ಎಂಥದ್ದೋ ಸಮಾಧಾನವಾಗಿತ್ತು. ಗಂಡ ಹೇಳಿದ ಕಾರಣವನ್ನೇ ಅಲ್ಲವೇ ಬರೆದದ್ದು, ಒಂದು ಅಕ್ಷರ ಬದಲಿಸಿರಲಿಲ್ಲ. ಪುಸ್ತಕ ಅಚ್ಚಾಗಿ ಶಾಲೆಶಾಲೆಗೂ ಹೋಯಿತು. ಮಗ ಮೂರನೆಯ ತರಗತಿಯಲ್ಲೋ ನಾಲ್ಕರಲ್ಲೋ ಇದ್ದಾಗ ಮನೆಪಾಠಕ್ಕೆ ಆ ವಾಕ್ಯವನ್ನೇ ದುಂಡಗೆ ನಕಲು ಮಾಡಿಕೊಂಡು ಹೋಗಿದ್ದ. ಮೇಷ್ಟರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಕಳಿಸಿದ್ದರು. ಅಮ್ಮ, ಇದು ನಿನ್ನದೇ ಅಲ್ವಾ ಎಂದು ತೋರಿಸಿದ್ದ. ಹೌದು ಎಂದು ಹಿಗ್ಗಿ ತಲೆ ಸವರಿದ್ದಳು. ಗಂಡ ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದ.

ಹಾಗಾದರೆ ಅಲ್ಲಿಂದ ಬಂತು ಈ ಕೈ. ಅಥವಾ ಇನ್ನೂ ಹತ್ತಿರದಿಂದ. ಕಾಗುಣಿತ ತಪ್ಪಿದ್ದಕ್ಕೆ ಅವಳೇ ಮರದ ಅಡಿಕೋಲನ್ನು ಅಂಚಿನ ಕಡೆಯಿಂದ ತಿರುಗಿಸಿ ಅವನ ಬೆರಳ ಗಂಟುಗಳ ಮೇಲೆ ಬಾರಿಸಿದ್ದಳು. ಒಂದಲ್ಲ, ಅವನು ಅಳುವವರೆಗೂ ಎಂದುಕೊಂಡಿದ್ದಳು, ಅವನು ಅಳಲಿಲ್ಲ, ಅದಕ್ಕೇ ನಿಲ್ಲಿಸಲು ಆಗಲಿಲ್ಲ. ಚರ್ಮ ಸುಲಿದು ಅಡಿಕೋಲಿನ ಇಂಚಿನ ಗೆರೆಗಳಲ್ಲಿ ರಕ್ತ ಕೂತಿತ್ತು. ಅಷ್ಟು ಹೊತ್ತೂ ಅವನು ಕಣ್ಣೆವೆ ಮುಚ್ಚದೆ ಅವಳ ಮುಖವನ್ನೇ ನೋಡುತ್ತಿದ್ದ, ಪಾಠ ಕಂಠಪಾಠ ಮಾಡುವವನ ಹಾಗೆ. ಹಿಂದಿನ ರಾತ್ರಿ ಅವಳ ಬೆನ್ನ ಮೇಲೆ ಬಿದ್ದದ್ದು ಮಾರನೆಯ ಬೆಳಿಗ್ಗೆ ಅವನ ಬೆರಳ ಮೇಲಿಳಿದಿತ್ತು ಎಂದು ಆಗಲೂ ಗೊತ್ತಿತ್ತು. ಗಂಡನ ಕೈಗೆ ಅವನಪ್ಪನ ಕೈ, ಅವನಪ್ಪನದಕ್ಕೆ ಇನ್ನಾರದೋ, ಹೀಗೆ ಹಿಂದೆ ಹಿಂದೆ ಹೋದರೆ ಊರು ಸುಡುತ್ತ ಬಂದ ಯಾವುದೋ ಹಡಗಿನವರೆಗೂ ಹೋಗಬಹುದು. ಬೇರಮ್ಮನ ಕೈಗೆ ಕೊಟ್ಟರೆ ಒಂದು ಪುಟ ತುಂಬಿಸುತ್ತಾಳೆ. ಬೇರು ಹಿಡಿದು ಕೆಳಗಿಳಿದಷ್ಟೂ ಅವಳಿಗೆ ಹಿತವಾಗತೊಡಗಿತು, ಬೆಳಗಿನ ಆ ಕೈಯ ಭಾರ ಕಡಿಮೆಯಾಗುತ್ತ ಬಂತು, ಇನ್ನೊಂದು ಸ್ವಲ್ಪ ಇಳಿದರೆ ಹೊಡೆದವನೇ ಇರುವುದಿಲ್ಲ. ಆ ಹಿತ ಹಳೆಯ ಪರಿಚಯದ್ದು ಎಂದು ತಟ್ಟನೆ ತಿಳಿಯಿತು. ಸ್ವೆಟರಿನೊಳಗೆ ಬೆವರುತ್ತ ಆ ವಾಕ್ಯ ಬರೆದ ದಿನದ್ದೇ ಸಮಾಧಾನ. ಇದೂ ಒಂದು ಕಾರಣವೇ. ಅಡುಗೆ ತಡವಾದ್ದರಿಂದ, ಅಮ್ಮ ಹೊಡೆದದ್ದರಿಂದ. ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ.

ಊಟದ ಹೊತ್ತಿಗೆ ಸೊಸೆಯ ಫೋನ್ ಬಂತು. ಅವಳದು ಗ್ರಾಹಕರ ದೂರು ಕೇಳುವ ಕಂಪನಿಯಲ್ಲಿ ಕೆಲಸ, ದಿನವಿಡೀ ಕಿವಿಗೆ ಹೆಡ್‌ಫೋನ್. ಇವತ್ತು ಅದನ್ನು ಬಲಗಡೆಗೆ ತಿರುಗಿಸಿ ಹಾಕಿಕೊಂಡಿದ್ದೀನಿ ಅತ್ತೆ, ಎಂದಳು. "ಎಡಗಡೆ ಸಿಳ್ಳೆ ಹೊಡೆದ ಹಾಗೆ ಒಂದೇ ಸಮ ಬರ್ತಿದೆ. ಬೇರೆ ಏನೂ ಕೇಳಿಸ್ತಿಲ್ಲ." ಡಾಕ್ಟರ ಹತ್ತಿರ ಹೋಗಮ್ಮ ಎಂದಳು ಇವಳು. ಹೋಗಿ ಏನಂತ ಹೇಳಲಿ ಎಂದು ಹುಡುಗಿ ಕೇಳಿದಳು. ಅದು ವ್ಯಂಗ್ಯವಲ್ಲ, ಪದ ಬಲ್ಲವರನ್ನು ಪದ ಕೇಳಿದಂತೆ ನಿಜವಾಗಿಯೂ ಕೇಳುತ್ತಿದ್ದಳು. ಇವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು. ಆ ಕಡೆ ಹತ್ತಾರು ಜನ ಒಟ್ಟಿಗೆ, ನಿಮಗಾದ ತೊಂದರೆಗೆ ಕ್ಷಮೆ ಇರಲಿ, ನಿಮಗಾದ ತೊಂದರೆಗೆ ಕ್ಷಮೆ ಇರಲಿ ಎನ್ನುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಹುಡುಗಿ, ಇಡ್ತೀನಿ ಅತ್ತೆ, ಕಾಲ್ ಬಂತು ಎಂದು ಇಟ್ಟಳು.

ಊಟದ ಡಬ್ಬಿ ತೆರೆದಳು. ಬೆಳಿಗ್ಗೆ ಕೊಯ್ದ ಬ್ರೆಡ್ಡಿನ ಹೋಳುಗಳು ಒಂದರ ಮೇಲೊಂದು ಒಣಗಿ ಅಂಚು ಮಡಚಿಕೊಂಡಿದ್ದವು. ಅವನ್ನು ನೋಡಿದ ಕೂಡಲೆ, ಬೆಳಗಿನಿಂದ ಪಕ್ಕಕ್ಕೆ ತಳ್ಳುತ್ತ ಬಂದಿದ್ದ ಇನ್ನೊಂದು ತಾನಾಗಿಯೇ ಎದುರಿಗೆ ಬಂದು ನಿಂತಿತು. ಕೈ ಕೆಳಗಿಳಿದ ಮೇಲೆ, ಜಾಮ್ ಕೇಳುವ ಮೊದಲು, ಮಗ ಒಂದು ಕ್ಷಣ ಅವಳ ಕಡೆ ನೋಡಿದ್ದ. ನಾಚಿಕೆಯಿಂದಲ್ಲ, ತಾಯಿ ನೋಡಿಬಿಟ್ಟಳೆಂಬ ಅಳುಕಿನಿಂದಲೂ ಅಲ್ಲ. ಅಳೆಯುವವನಂತೆ. ಕೈಯಿಂದ ಅವಳ ಮುಖದವರೆಗೆ ಎಷ್ಟು ದೂರ ಎಂದು. ಅವಳ ಕೈಯಲ್ಲಿ ಚಾಕು ಇತ್ತು, ಹಲ್ಲಿನ ಚಾಕು, ಅದರ ಹಿಡಿ ಅವಳ ಮುಷ್ಟಿಯೊಳಗೆ ಇದ್ದಕ್ಕಿದ್ದಂತೆ ಬಿಗಿಯಾಗಿತ್ತು. ಮಗನ ಆ ಬಿಳಿ ಅಂಗೈಯ ಮೇಲೆ ಅದನ್ನು ಬ್ರೆಡ್ಡಿನ ಮೇಲೆ ಎಳೆದಂತೆ ಒಮ್ಮೆ ಎಳೆದರೆ ಹೇಗಿರುತ್ತದೆ ಎಂಬುದು ಅವಳಿಗೆ ಪೂರ್ತಿ ಕಾಣಿಸಿತ್ತು: ಮೊದಲು ಬಿಳಿ, ಆಮೇಲೆ ಹಲ್ಲಿನ ಲೆಕ್ಕಕ್ಕೆ ಕೆಂಪು ಚುಕ್ಕಿಗಳು, ಆಮೇಲೆ ಎಲ್ಲ ಸೇರಿ ಒಂದು ಬಾಯಿ. ಅದು ಕಂಡದ್ದೇ ಅವಳು ಹೆದರಿದಳು, ಮತ್ತು ಹೆದರಿದ್ದು ತನ್ನ ಕೈಗಲ್ಲ. ಅವನ ಕೈಗೆ. ಈ ವಯಸ್ಸಿನಲ್ಲಿ, ಹೆತ್ತ ಮಗನ ಕೈಗೆ, ಗಡಿಯಾರ ಮೇಜಿಗೆ ತಾಗಿದಾಗ ಹೆದರುತ್ತಿದ್ದಂತೆಯೇ. ಮಗನ ಮಾನ ಉಳಿಸಬೇಕೆಂದೋ, ಮನೆ ಒಡೆಯಬಾರದೆಂದೋ ಅವಳು ಬ್ರೆಡ್ಡು ಕೊಯ್ದಿರಲಿಲ್ಲ. ಮುಂದಿನದು ತನಗೆ ಬೀಳಬಾರದೆಂದು ಕೊಯ್ದಿದ್ದಳು. ಹೋದ ಸಲ ಚಿಲಕದ ಮಾತು ಹೇಳಿದ್ದೂ ಅದಕ್ಕೇ. ನಲ್ಲಿ ಯಾವಾಗ ನಿಲ್ಲಿಸಬೇಕೆಂದು ಅತ್ತೆಗೆ ಹೇಗೆ ತಿಳಿಯುತ್ತಿತ್ತೆಂದು ಅವಳಿಗೆ ಈಗ ಹೊಳೆಯಿತು. ಅವರು ಆ ನೀರಿನಡಿಯಲ್ಲೂ ಕಿವಿಗೊಟ್ಟು, ಹೊಡೆತ ಬೇರೆಯವರ ಮೇಲೆ ಬೀಳುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತ ನಿಂತಿರುತ್ತಿದ್ದರು.

ಮುಖ ಯಾಕೆ ಹೀಗೆ ಸುಣ್ಣ ಬಳಿದ ಹಾಗಾಗಿದೆ ಅಕ್ಕ ಎಂದು ಬೇರಮ್ಮ ಕೇಳಿದಳು. ತಲೆನೋವು ಕಣೇ, ಆ ಯಂತ್ರದ್ದು ಎಂದಳು. ಬೇರಮ್ಮ ತನ್ನ ಡಬ್ಬಿಯಿಂದ ಅರ್ಧ ಸೇಬು ತೆಗೆದು ಅವಳ ಮುಂದಿಟ್ಟು, ಆ ವಾಕ್ಯ ಮೊದಲು ಇದ್ದ ಹಾಗೇ ಚೆನ್ನಾಗಿತ್ತು ಎಂದು ಮೆಲ್ಲಗೆ ಹೇಳಿ ತನ್ನ ಕೆಲಸಕ್ಕೆ ತಿರುಗಿದಳು. ಏನಾದರೂ ಗೊತ್ತಿದ್ದು ಹೇಳಿದಳೋ ಹಾಗೇ ಹೇಳಿದಳೋ ತಿಳಿಯಲಿಲ್ಲ. ಸಂಜೆ ಹೊರಟಾಗ ಯಂತ್ರ ನಿಂತಿತ್ತು. ಗುಲಾಬಿ ಗೋಡೆ ಈಗ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿದು, ರೈಟ್ ಎಂದು ಕೂಗಿದಾಗಲೆಲ್ಲ ಅವಳ ಭುಜ ತಾನಾಗಿಯೇ ಕಿವಿಯವರೆಗೆ ಏರಿ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಮ್ಮೆ ನೋಡಿ, ಆಮೇಲೆ ನೋಡದವಳಂತೆ ಕಿಟಕಿಯ ಕಡೆಗೆ ತಿರುಗಿದಳು.

ಬೀಗರು ಅವಳಿಗಿಂತ ಮೊದಲೇ ಬಂದು ಕೂತಿದ್ದರು. ರೈಲಿನಲ್ಲಿ ಗಾರ್ಡ್ ಆಗಿದ್ದವರು, ಯಾವ ಕುರ್ಚಿಯಲ್ಲಿ ಕೂತರೂ ಈಗ ಏಳಬೇಕಾಗಬಹುದು ಎಂಬಂತೆ ಅಂಚಿನಲ್ಲೇ ಕೂರುವ ಮನುಷ್ಯ. ಕಾಲ ಬಳಿ ಒಂದು ಚೀಲ ಕಿತ್ತಳೆ ಹಣ್ಣು. ಮಗನೂ ಬೇಗ ಬಂದಿದ್ದ. ಬಿಸ್ಕತ್ತಿನ ತಟ್ಟೆ ಅವರ ಮುಂದೆ ಸರಿಸುತ್ತ, ತಗೊಳ್ಳಿ ಮಾವ, ಏನೂ ಮುಟ್ಟಲೇ ಇಲ್ಲವಲ್ಲ ನೀವು ಎಂದು ಉಪಚರಿಸುತ್ತಿದ್ದ. ಸೊಸೆ ಸೋಫಾದ ತುದಿಯಲ್ಲಿ ಮುಖವನ್ನು ಒಂದು ಕಡೆಗೆ ತಿರುಗಿಸಿ ಕೂತಿದ್ದಳು. ಸೊಕ್ಕಿನಿಂದ ಮುಖ ತಿರುಗಿಸಿದ್ದಾಳೆಂದು ಯಾರಾದರೂ ಅಂದುಕೊಳ್ಳಬೇಕು. ಬಲಗಿವಿಯನ್ನು ಮಾತಿನ ಕಡೆಗೆ ಹಿಡಿದಿದ್ದಳು ಅಷ್ಟೇ. ಬೀಗರು ಎದ್ದು ಕೈ ಜೋಡಿಸಿ, ಆರೋಗ್ಯ ಕೇಳಿ, ಬಸ್ಸಿನಲ್ಲಿ ನೂಕುನುಗ್ಗಲು ಜಾಸ್ತಿಯಾಯಿತಲ್ಲವೇ ಎಂದು ಕೇಳಿ, ಪದಕೋಶ ಯಾವ ಅಕ್ಷರಕ್ಕೆ ಬಂತು ಎಂದೂ ಕೇಳಿದರು. "ನಿಮ್ಮ ಹತ್ರ ಒಂದು ಮಾತು ಕೇಳೋಣ ಅಂತ ಬಂದೆ ಅಮ್ಮ," ಎಂದರು ಕೊನೆಗೆ. "ಮೊದಲು ಟೀ ಕುಡಿಯೋಣ. ಆಮೇಲೆ ಕೇಳ್ತೀನಿ." ಅವರ ಕಣ್ಣುಗಳು ಬೇಡುತ್ತಿದ್ದವು. ಚಿಲಕವನ್ನು, ಜಾರಿದ ನೆಲವನ್ನು, ಯಾವುದಾದರೂ ಒಂದನ್ನು ಕೊಡಿ, ಮಗಳನ್ನು ಇಲ್ಲೇ ಬಿಟ್ಟು ರಾತ್ರಿ ನಿದ್ದೆ ಬರುವಂಥದ್ದೊಂದನ್ನು ಕೊಡಿ ಎಂದು. ಈ ಕೋಣೆಯಲ್ಲಿ ನಿಜ ಬೇಕಾದವಳು ಒಬ್ಬಳೇ, ಅವಳು ಗೋಡೆ ನೋಡುತ್ತ ಕೂತಿದ್ದಾಳೆ.

ಅವಳು ಅಡುಗೆಮನೆಗೆ ಬಂದು ನೀರಿಟ್ಟಳು. ಮಗ ಹಿಂದೆಯೇ ಬಂದ. ಬಂದವನೇ ತೊಟ್ಟಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಆಚೆಗೆ ಮಾತು ಕೇಳಿಸದಿರಲೆಂದು. ಯಾರೂ ಕಲಿಸಿಕೊಟ್ಟದ್ದಲ್ಲ ಅದು. ಅವನು ಹುಟ್ಟಿದ ಮೇಲೆ ಅವಳ ಅತ್ತೆ ಬದುಕಿದ್ದದ್ದು ಸ್ವಲ್ಪವೇ ಕಾಲ. "ಕಪಾಟಿನ ಬಾಗಿಲು ತೆರೆದಿತ್ತು," ಎಂದ, ನೀರಿನ ಅಬ್ಬರದೊಳಗೆ ತಗ್ಗಿಸಿದ ದನಿಯಲ್ಲಿ. "ಹಾಲು ಉಕ್ಕಿತು ಅಂತ ಗಡಿಬಿಡೀಲಿ ತಿರುಗಿದಳು, ಅಂಚು ತಗುಲಿತು. ನೀನು ಅಲ್ಲೇ ಇದ್ದೆ. ಅಷ್ಟು ಹೇಳು ಸಾಕು." ಎಷ್ಟು ಚೆನ್ನಾಗಿ ಕಟ್ಟಿದ್ದ. ಹಾಲು ನಿಜ, ಕಪಾಟು ನಿಜ, ಅಂಚು ನಿಜ. ಎಲ್ಲದಕ್ಕೂ ಆಸರೆಯಿತ್ತು, ಎಲ್ಲೂ ಕುಂಟುತ್ತಿರಲಿಲ್ಲ. ದೊಡ್ಡವರು ಕೇಳಿದ್ದರೆ ಒಂದೇ ಮಾತಿಗೆ ಕೂತಿತು ಎನ್ನುತ್ತಿದ್ದರು. ಅವಳು ಟೀಪುಡಿ ಹಾಕಿದಳು. ಮಗ ಕೈ ಎತ್ತಿ ಅವಳ ಭುಜದ ಮೇಲಿಟ್ಟ. ಮೆತ್ತಗೇ ಇಟ್ಟ. ಹೆಬ್ಬೆರಳು ಕತ್ತಿನ ಬುಡದ ಎಲುಬಿನ ಮೇಲೆ ಬಂದು ಕೂತಿತು, ಅಲ್ಲಿ ಸ್ವಲ್ಪ ಒತ್ತಿತು, ನೋವಾಗುವುದಕ್ಕೆ ಕೂದಲೆಳೆಯಷ್ಟು ಮೊದಲು ನಿಂತಿತು. "ಅವಳು ಇವತ್ತಿದ್ದು ನಾಳೆ ಹೋಗೋಳು ಅಮ್ಮ. ನೀನು ಇಲ್ಲೇ ಇರಬೇಕಾದವಳು. ಯೋಚನೆ ಮಾಡು," ಎಂದ. ಅವನ ಬೆರಳಿನ ಗಂಟುಗಳು ಅವಳ ಕಣ್ಣಿಗೆ ತೀರ ಹತ್ತಿರದಲ್ಲಿದ್ದವು. ಅಡಿಕೋಲಿನ ಗಾಯದ ಬಿಳಿ ಕಲೆಗಳು ಅಲ್ಲಿ ಇನ್ನೂ ಇದ್ದವು. ಅವಳು ಅವನ್ನು ನೋಡಿದಳು. ಅವು ಇದ್ದವು, ಅಷ್ಟೇ. ಅವುಗಳ ಮೇಲೆ ಏನನ್ನೂ ಕಟ್ಟಲು ಹೋಗಲಿಲ್ಲ.

ಸಕ್ಕರೆ ಎಷ್ಟು ನಿಮ್ಮ ಮಾವನಿಗೆ, ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಸಕ್ಕರೆ, ಎಂದಳು ಇನ್ನೊಮ್ಮೆ. ಎರಡು ಚಮಚ ಎಂದು ಹೇಳಿ ಕೈ ತೆಗೆದ, ತಾಯಿ ಒಪ್ಪಿದಳೆಂದು ಮುಖ ಸಡಿಲವಾಯಿತು. ಅವಳು ಕೈ ಚಾಚಿ ನಲ್ಲಿ ತಿರುಗಿಸಿ ನಿಲ್ಲಿಸಿದಳು.

ಮನೆಯಲ್ಲಿ ಒಮ್ಮೆಲೇ ಸದ್ದು ನಿಂತಿತು. ಹಜಾರದಲ್ಲಿ ಬೀಗರು ಗಂಟಲು ಸರಿಮಾಡಿಕೊಂಡದ್ದು, ಸೋಫಾದಲ್ಲಿ ಹುಡುಗಿ ಕಾಲು ಬದಲಿಸಿದ್ದು, ಒಲೆಯ ಮೇಲೆ ಟೀ ಕುದಿಯುವುದು, ಎಲ್ಲವೂ ಒಂದೊಂದಾಗಿ ಕೇಳಿಸತೊಡಗಿತು. ಟೀಯನ್ನು ಲೋಟಗಳಿಗೆ ಬಗ್ಗಿಸಿ ತಟ್ಟೆಯಲ್ಲಿಟ್ಟಳು. ಹೋಗಿ ಹುಡುಗಿಯ ಎಡಗಡೆಗೆ ಕೂರಬೇಕು, ಕೇಳಿಸದ ಕಿವಿಯ ಕಡೆಗೆ. ಹೇಳಬೇಕಾದ ವಾಕ್ಯ ಚಿಕ್ಕದು. ನನ್ನ ಮಗ ಹೊಡೆದ, ನಾನು ನೋಡಿದೆ. ಯಾಕೆ ಎಂದು ಅವರು ಕೇಳೇ ಕೇಳುತ್ತಾರೆ. ಕೇಳಿದರೆ ಅದನ್ನೇ ಇನ್ನೊಮ್ಮೆ ಹೇಳುವುದು. ಅದಕ್ಕೆ ಹಿಂದೆ ಮುಂದೆ ಏನೂ ಸೇರಿಸುವಂತಿಲ್ಲ, ಅಂಗಿಯನ್ನಾಗಲಿ, ಅಪ್ಪನನ್ನಾಗಲಿ, ಅಡಿಕೋಲನ್ನಾಗಲಿ. ಆಮೇಲೆ ರಾತ್ರಿ ಏನಾಗುತ್ತದೋ ಆಗುತ್ತದೆ. ಮಲಗಲು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುವುದು. ತಟ್ಟೆ ಎತ್ತಿಕೊಂಡು ತಿರುಗಿದಾಗ ಮಗ ಇನ್ನೂ ಬಾಗಿಲಲ್ಲೇ ನಿಂತಿದ್ದ.

"ಬಿಸಿ ಇದೆ," ಎಂದಳು. "ದಾರಿ ಬಿಡು."